ಹಿಟ್ಟುಂಡ್ಯಾ? ನ್ಯಾರಿ ಆತೇನು? — ನಮ್ಮ ಊಟದ ಮಾತುಗಳು

(ಹಾಸ್ಟೆಲ್ ವಿದ್ಯಾರ್ಥಿಗಳ ಅಧ್ಯಯನ ಶಿಬಿರದಲ್ಲಿ ಆಡಿದ ಮಾತು)

ಗೆಳೆಯರೇ,

ಭೂಮಿ, ಕೂಲಿ, ಮೀಸಲಾತಿ ಬಿಟ್ಟು ಊಟದ ಹೆಸರುಗಳ ಬಗ್ಗೆ ಮಾತಾಡೋದೇನು ಅಂತ ನಿಮಗೆ ಅನ್ನಿಸಬಹುದು. ಹೊತ್ತು ಹೊತ್ತಿನ ಊಟಕ್ಕೆ ಯಾರು ಏನಂತಾರೆ ಅನ್ನೋದರಲ್ಲೇ ಭೂಮಿ ಯಾರದು, ಕೂಲಿ ಎಷ್ಟು, ಯಾರ ಮನೆ ಹಿತ್ತಿಲಲ್ಲಿ ಯಾರು ತಟ್ಟೆ ಹಿಡಿದು ನಿಂತಿದ್ದರು ಎಲ್ಲವೂ ಇದೆ. ಅದನ್ನು ಬಿಡಿಸಿ ನೋಡೋಣ.

ಒಂದು ಹಾಸ್ಟೆಲ್ ಅಂದರೆ ಹತ್ತು ಸೀಮೆಯ ಹುಡುಗರು. ಬೆಳಿಗ್ಗೆ ಗಂಟೆ ಹೊಡೆದಾಗ ಕಲಬುರಗಿ ಕಡೆಯವನು ‘ನಾಷ್ಟಾ ಆತೇನೋ’ ಅಂತಾನೆ. ಬೆಳಗಾವಿ, ವಿಜಯಪುರದ ಕಡೆ ಅದೇ ‘ನ್ಯಾರಿ’. ಮಂಡ್ಯ, ಮೈಸೂರಿನವನಿಗೆ ‘ತಿಂಡಿ’. ಮಂಗಳೂರು ಕಡೆಯವನು ‘ಚಾ ಆಯ್ತಾ’ ಅಂದರೆ ಬರೀ ಚಹಾ ಅಲ್ಲ, ಅದರ ಜೊತೆ ತಿನ್ನೋದೂ ಸೇರಿತು. ತುಳುವಿನಲ್ಲಿ ಊಟಕ್ಕೆ ‘ಒಣಸ್’. ರಾತ್ರಿ ಹೊತ್ತಿಗೆ ಎಲ್ಲರೂ ‘ಊಟ’ ಅಂದರೂ ಹಳೇ ಮೈಸೂರಿನ ಕೇರಿಯವನ ಬಾಯಲ್ಲಿ ಮೊದಲು ಬರೋದು ‘ಹಿಟ್ಟುಂಡ್ಯಾ?’ ಅನ್ನೋದೇ. ನಗರದಲ್ಲಿ ಬೆಳೆದವನು ಇದನ್ನು ಕೇಳಿ ನಗುತ್ತಾನೆ. ಹಿಟ್ಟು ಅಂದರೆ ಗಿರಣಿಯಲ್ಲಿ ಬೀಸಿದ ಪುಡಿಯಲ್ಲವೇ, ಅದನ್ನು ಉಣ್ಣೋದು ಹೇಗೆ ಅಂತ. ಹೊಸದಾಗಿ ಬಂದ ಹುಡುಗ ಎರಡು ದಿನ ಸುಮ್ಮನಿದ್ದು ಮೂರನೇ ದಿನಕ್ಕೆ ‘ತಿಂಡಿ’, ‘ಊಟ’ ಅನ್ನೋದನ್ನು ಕಲಿತುಬಿಡುತ್ತಾನೆ. ರಜೆಗೆ ಊರಿಗೆ ಹೋದಾಗ ಅವ್ವ ‘ಹಿಟ್ಟುಣ್ಣು ಬಾ ಮಗ’ ಅಂದರೆ ಅವನಿಗೇ ಕಿವಿಗೆ ಚುಚ್ಚುತ್ತದೆ. ನಮ್ಮ ತಕರಾರು ಇರೋದು ಇಲ್ಲಿ.

ನಗುವವರಿಗೆ ಮೊದಲು ಉತ್ತರ ಕೊಡೋಣ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನೋ ಗಾದೆಯನ್ನು ಎಲ್ಲ ಜಾತಿಯವರೂ ಆಡುತ್ತಾರೆ. ಆ ಗಾದೆಯ ಹಿಟ್ಟು ಗಿರಣಿಯ ಪುಡಿಯಲ್ಲ, ಹೊಟ್ಟೆಯ ಅನ್ನ. ರಾಗಿ ತಿಂದು ಬದುಕಿದ ಸೀಮೆಯಲ್ಲಿ ರಾಗಿಯ ಮುದ್ದೆಯೇ ಊಟ, ಊಟವೇ ಹಿಟ್ಟು. ಇನ್ನು ಅವರು ದೊಡ್ಡದು ಅಂದುಕೊಂಡ ಮಾತುಗಳು ಎಲ್ಲಿಂದ ಬಂದವು? ನಾಷ್ಟಾ ಪಾರಸಿಯಿಂದ ಉರ್ದುವಿಗೆ ಬಂದು ನಮಗೆ ಬಂತು. ಪಾರಸಿಯಲ್ಲಿ ಅದರ ಮೂಲ ಅರ್ಥ ಬೆಳಗಿನಿಂದ ಏನೂ ತಿನ್ನದೆ ಇರೋದು! ನ್ಯಾರಿ ಮರಾಠಿಯ ನ್ಯಾಹಾರಿ. ಉಪಾಹಾರ ಸಂಸ್ಕೃತ. ಟಿಫನ್ನು ಇಂಗ್ಲಿಷರ ಕಾಲದ್ದು. ಉಣ್ಣು ಅನ್ನೋದರಿಂದ ಊಟ, ತಿನ್ನು ಅನ್ನೋದರಿಂದ ತಿಂಡಿ. ಇವೆರಡೂ ಹಿಟ್ಟಿನ ಹಾಗೆಯೇ ಮಣ್ಣಿನ ಮಾತುಗಳು. ಇವುಗಳಲ್ಲಿ ಒಂದು ಮೇಲು, ಒಂದು ಕೀಳು ಅನ್ನೋದು ಭಾಷೆಯ ಒಳಗಿಲ್ಲ. ಅದು ಆಡುವವರ ಜಾತಿಯಿಂದ ಬಂದದ್ದು.

ಕಾಳಿಗೂ ಈ ಜಾತಿ ಅಂಟಿತ್ತು. 16ನೇ ಶತಮಾನದಲ್ಲೇ ಕನಕದಾಸರು ‘ರಾಮಧಾನ್ಯ ಚರಿತೆ’ಯಲ್ಲಿ ಭತ್ತಕ್ಕೂ ರಾಗಿಗೂ ಜಗಳ ತಂದು, ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸಿ, ಕೊನೆಗೆ ರಾಮನ ಬಾಯಿಂದ ರಾಗಿಯನ್ನೇ ಗೆಲ್ಲಿಸಿದರು. ರಾಗಿ ತಿನ್ನುವವರನ್ನು ಕೀಳಾಗಿ ನೋಡುತ್ತಿದ್ದರು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಇದು ಸೀಮೆ ಸೀಮೆಯ ಲೆಕ್ಕ. ಪಾಠದ ಪುಸ್ತಕ ಹೇಳಿದರೆ ಇಷ್ಟು ಹೇಳೀತು. ಇನ್ನೊಂದು ಲೆಕ್ಕ ಒಂದೇ ಊರಿನ ಒಳಗಿದೆ. ಊರಿನವರ ಮಾತಿಗೂ ಕೇರಿಯ ಮಾತಿಗೂ ಇರುವ ಲೆಕ್ಕ ಅದು.

‘ತಂಗಳು’ ಅನ್ನೋ ಮಾತು ತಗೊಳ್ಳಿ. ರಾತ್ರಿ ಮಿಕ್ಕಿದ ಮುದ್ದೆಯನ್ನು ಬೆಳಿಗ್ಗೆ ಮಜ್ಜಿಗೆಗೆ ಕಿವುಚಿಕೊಂಡು ಕುಡಿದು ಹೊಲಕ್ಕೆ ಹೋಗೋದು ಎಲ್ಲ ರೈತರ ಮನೆಯಲ್ಲೂ ಇತ್ತು. ತನ್ನ ಮನೆಯ ತಂಗಳಿಗೆ ನಾಚಿಕೆಯಿಲ್ಲ. ಗೌಡನ ಮನೆಯ ಕೊಟ್ಟಿಗೆ ಬಾಚಿದ ಹೆಂಗಸಿಗೆ ಹಿತ್ತಿಲ ಬಾಗಿಲಲ್ಲಿ ಮೇಲಿಂದ ಸುರಿದದ್ದೂ ತಂಗಳೇ. ಹೆಸರು ಒಂದು, ಅರ್ಥ ಎರಡು. ಮೊದಲನೆಯದು ಊಟ, ಎರಡನೆಯದು ಕೂಲಿಯ ಬದಲು ಕೊಟ್ಟ ಅವಮಾನ.

‘ಹೊತ್ತು’ ಅನ್ನೋದೂ ಹಾಗೇ. ಬೆಳಗಿನದು, ಮಧ್ಯಾಹ್ನದ್ದು, ಸಂಜೆಯದು, ರಾತ್ರಿಯದು ಅಂತ ನಾಲ್ಕು ಹೆಸರು ಇರಬೇಕಾದರೆ ಮನೆಯಲ್ಲಿ ನಾಲ್ಕು ಹೊತ್ತಿನ ಕಾಳು ಇರಬೇಕು. ಜೀತದಾಳಿನ ಊಟಕ್ಕೆ ಹೊತ್ತೆಲ್ಲಿತ್ತು? ಧಣಿಯ ಮನೆಯವರೆಲ್ಲ ಉಂಡು ಏಳೋದೇ ಅವನ ಹೊತ್ತು. 1976ರ ಕಾನೂನು ಜೀತವನ್ನು ರದ್ದು ಮಾಡಿತು. ಅದು ಸಾಲ ತೀರಿಸುವ ಮಾತಷ್ಟೇ ಅಲ್ಲ, ತನ್ನ ಹೊತ್ತಿಗೆ ತಾನು ಉಣ್ಣುವ ಹಕ್ಕಿನ ಮಾತು ಕೂಡ.

ಇನ್ನು ‘ಕೂಳು’. ಹಳಗನ್ನಡದಲ್ಲಿ ಕೂಳು ಅಂದರೆ ಬೇಯಿಸಿದ ಅನ್ನ, ಊಟ. ಕೊಡವ ಮಾತಿನಲ್ಲಿ ಇವತ್ತಿಗೂ ಅನ್ನಕ್ಕೆ ಕೂಳ್ ಅಂತಲೇ ಹೆಸರು. ತಮಿಳುನಾಡಿನಲ್ಲಿ ಆಡಿ ತಿಂಗಳಲ್ಲಿ ಮಾರಿಯಮ್ಮನ ಗುಡಿ ಮುಂದೆ ಎಲ್ಲರಿಗೂ ಹುಯ್ಯುವ ಅಂಬಲಿಗೂ ಅದೇ ಹೆಸರು. ನಮ್ಮ ಕಡೆ ಏನಾಯಿತು? ಸಂಸ್ಕೃತದ ಅನ್ನ, ಭೋಜನ ದೊಡ್ಡವರ ಎಲೆಗೆ ಹೋದವು. ಕೂಳು ಬಯ್ಯುವ ಮಾತಾಯಿತು. ‘ಕೂಳಿಗೆ ದಂಡ, ಭೂಮಿಗೆ ಭಾರ’ ಅಂತ ಬಯ್ಯಿಸಿಕೊಂಡವರು ಯಾರು? ಆ ಭೂಮಿಯನ್ನು ಉತ್ತವರೇ. ಕೂಳು ಬೆಳೆದವನು ಕೂಳಿಗೆ ದಂಡ ಹೇಗಾದಾನು?

ಮಾತು ಹೀಗೆ ಕೆಡೋದಕ್ಕೆ ಕೊನೆಯಿಲ್ಲ. ಕರಾವಳಿಯ ಕೊರಗರಿಗೆ ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸಿ ತಮ್ಮ ಕೇಡನ್ನು ಅವರಿಗೆ ದಾಟಿಸುವ ಅಜಲು ಪದ್ಧತಿ ಇತ್ತು. ಅದನ್ನು ನಿಷೇಧಿಸಲು ರಾಜ್ಯ ಸರ್ಕಾರ 2000ದಲ್ಲಿ ಒಂದು ಕಾಯಿದೆಯನ್ನೇ ತರಬೇಕಾಯಿತು. ಅದಕ್ಕೂ ಊಟ ಅಂತಲೇ ಅನ್ನಬೇಕೇ?

ಬಾಬಾಸಾಹೇಬರು 1927ರ ಮಹಾಡ್ ಸಮ್ಮೇಳನದಲ್ಲಿ ಕೆರೆಯ ನೀರಿನ ಹಕ್ಕಿನ ಜೊತೆಗೇ ಎಂಜಲು ತಿನ್ನೋದನ್ನು, ಸತ್ತ ದನದ ಮಾಂಸವನ್ನು ಬಿಡಿ ಅಂತ ಹೇಳಿದರು. ನಾವು ಅದನ್ನು ಅರ್ಥ ಮಾಡಿಕೊಳ್ಳೋದು ಹೀಗೆ: ಬಿಡಬೇಕಾದ್ದು ಬಿಸಾಕಿದ್ದನ್ನು ಆಯ್ದು ತಿನ್ನುವ ಸ್ಥಿತಿಯನ್ನು. ನಮ್ಮ ಒಲೆಯ ಮೇಲೆ ನಾವು ಬೇಯಿಸಿದ್ದಕ್ಕೆ ನಾಚಬೇಕಾದ್ದಿಲ್ಲ, ಅದರ ಹೆಸರಿಗೂ ನಾಚಬೇಕಾದ್ದಿಲ್ಲ.

ಒಂದು ತಿನಿಸಿನ ಮಾತು ಈ ನಾಡಿನಲ್ಲಿ ಎಷ್ಟು ಬೆಂಕಿ ಹಚ್ಚಬಲ್ಲದು ಅನ್ನೋದು ನಿಮಗೆ ಗೊತ್ತಿರಲಿ. 1973ರ ನವೆಂಬರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಇದೆ ಅಂದರು. ಬೂಸಾ ಅಂದರೆ ದನಕ್ಕೆ ಹಾಕೋದು. ಶತಮಾನಗಟ್ಟಲೆ ನಮ್ಮ ಜನಕ್ಕೆ ದನಕ್ಕೆ ಹಾಕಿದ ಹಾಗೆ ಹಾಕಿದವರಿಗೆ ಆ ಒಂದು ಮಾತು ತಡೆದುಕೊಳ್ಳೋಕೆ ಆಗಲಿಲ್ಲ. ದಲಿತ ವಿದ್ಯಾರ್ಥಿಗಳ ಮೇಲೆ, ಹಾಸ್ಟೆಲುಗಳ ಮೇಲೆ ಹಲ್ಲೆಯಾಯಿತು, ಬಸವಲಿಂಗಪ್ಪನವರ ಮಂತ್ರಿ ಪದವಿ ಹೋಯಿತು. ದಲಿತ ಸಂಘರ್ಷ ಸಮಿತಿ ಎದ್ದು ನಿಂತ ಬೇರುಗಳಲ್ಲಿ ಆ ಏಟೂ ಒಂದು. ನೀವು ಮಲಗುವಂಥ ಹಾಸ್ಟೆಲುಗಳಲ್ಲೇ ಆ ಹುಡುಗರೂ ಮಲಗಿದ್ದರು.

ಇನ್ನೊಂದು ಮಾತು ‘ಬಿಸಿಯೂಟ’. 2002ರಲ್ಲಿ ನಮ್ಮ ರಾಜ್ಯದ ಶಾಲೆಗಳಲ್ಲಿ ಅಕ್ಷರ ದಾಸೋಹ ಶುರುವಾದಾಗ ಜನ ಅದನ್ನು ಬಿಸಿಯೂಟ ಅಂತ ಕರೆದರು. ತಲೆಮಾರುಗಳಿಂದ ತಂಗಳು ಕುಡಿದು ಬಂದ ಮನೆಯ ಮಗುವಿಗೆ ಹೆಸರಲ್ಲೇ ‘ಬಿಸಿ’ ಇರುವ ಊಟ ಸಿಕ್ಕಿತು. ಇದು ಸಣ್ಣದಲ್ಲ. ಆದರೆ ಒಲೆ ಮುಂದೆ ದಲಿತ ಹೆಂಗಸು ಕೂತಳು ಅನ್ನೋ ಒಂದೇ ಕಾರಣಕ್ಕೆ ಮಕ್ಕಳನ್ನು ಎಬ್ಬಿಸಿಕೊಂಡು ಹೋದ ಊರುಗಳೂ ಇವೆ. ದಾಸೋಹ ಅನ್ನೋ ಶರಣರ ಮಾತನ್ನು ಬೋರ್ಡಿನಲ್ಲಿ ಬರೆದರೆ ಸಾಲದು, ಪಂಕ್ತಿಯಲ್ಲಿ ಕೂರಬೇಕು. ಸೌಟು ಯಾರ ಕೈಯಲ್ಲಿದ್ದರೂ ತಟ್ಟೆ ಒಡ್ಡಬೇಕು.

ಗೆಳೆಯರೇ, ನಾವು ಕೇಳೋದು ಮೂರು ಕೆಲಸ. ಒಂದು, ನಿಮ್ಮ ಹಾಸ್ಟೆಲಿನಲ್ಲಿ ಯಾವ ಹುಡುಗನ ಊಟದ ಮಾತನ್ನೂ ಯಾರೂ ಆಡಿಕೊಳ್ಳಬಾರದು. ನ್ಯಾರಿ ಅನ್ನುವವನೂ ಹಿಟ್ಟು ಅನ್ನುವವನೂ ಒಬ್ಬರ ಮಾತನ್ನೊಬ್ಬರು ಕಲಿಯಲಿ. ಎರಡು, ಈ ಸಲ ರಜೆಗೆ ಹೋದಾಗ ಅವ್ವ, ಅಜ್ಜಿ, ಚಿಕ್ಕವ್ವಂದಿರನ್ನು ಕೂರಿಸಿಕೊಂಡು ಕೇಳಿ: ಹೊತ್ತು ಹೊತ್ತಿಗೆ ಏನುಂಡಿರಿ, ಅದಕ್ಕೆ ಏನಂತಿದ್ದಿರಿ, ಯಾರ ಮನೆಯಲ್ಲಿ, ಎಲ್ಲಿ ಕೂತು ಉಂಡಿರಿ? ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬನ್ನಿ. ಅವರು ಉಣ್ಣದೆ ಮಲಗಿದ ರಾತ್ರಿಗಳನ್ನೂ ಬರೆಯಿರಿ. ನಿಘಂಟಿನವರು ಅದನ್ನು ಕೇಳೋಕೆ ನಮ್ಮ ಕೇರಿಗೆ ಬರೋದಿಲ್ಲ. ಮೂರು, ಹಾಸ್ಟೆಲಿನ ಊಟ ಭಿಕ್ಷೆಯಲ್ಲ, ನಿಮ್ಮ ಹಕ್ಕು. ಬೇಳೆ ನೀರಾದರೆ, ಅನ್ನದಲ್ಲಿ ಹುಳ ಬಂದರೆ ಒಟ್ಟಾಗಿ ಕೇಳಿ, ಬರಹದಲ್ಲಿ ಕೇಳಿ.

ಉಣ್ಣುವ ಮಾತಿಗೆ ತಲೆ ತಗ್ಗಿಸಿದವನು ಕೂಲಿಯ ಮಾತಿಗೂ ತಲೆ ತಗ್ಗಿಸುತ್ತಾನೆ. ನೀವು ತಲೆ ಎತ್ತಿ ಉಣ್ಣಿ.

ಜೈ ಭೀಮ್.