ಕಡತಗಳನ್ನು ಮುಚ್ಚಿಟ್ಟಿರುವುದು ಯಾರಿಂದ?

(ಪೂರಿಗಾಲಿಯ ಸಾರ್ವಜನಿಕ ಸಭೆಯೊಂದರಲ್ಲಿ ಮಾಡಿದ ಭಾಷಣದ ಪಠ್ಯ)



ಮಳವಳ್ಳಿ ಸೀಮೆಯ ರೈತನಿಗೆ ಪಹಣಿಯ ಮಹತ್ವವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಜಮೀನು ನಮ್ಮದೇ ಆಗಿದ್ದರೂ, ದಾಖಲೆ ಇನ್ನೊಬ್ಬರ ಬೀರುವಿನಲ್ಲಿದ್ದು ನಮಗೆ ನೋಡಲು ಸಿಗದಿದ್ದರೆ ನಮ್ಮ ಹಕ್ಕು ಅವರ ದಯೆಯಾಗಿ ಮಾರ್ಪಡುತ್ತದೆ. ಒಂದು ದೇಶದ ಇತಿಹಾಸಕ್ಕೂ ಈ ಮಾತು ಅನ್ವಯಿಸುತ್ತದೆ. ಸರಕಾರಗಳು ಮುಚ್ಚಿಟ್ಟಿರುವ ಕಡತಗಳ ಕುರಿತು ಇಂದು ನಾವು ಮಾತನಾಡುತ್ತಿರುವುದು ಈ ಕಾರಣಕ್ಕಾಗಿಯೇ.

ಮೊದಲು ಇರಾನಿನ ಉದಾಹರಣೆಯನ್ನು ನೋಡೋಣ. 1951ರಲ್ಲಿ ಅಲ್ಲಿನ ಪ್ರಧಾನಿ ಮುಹಮ್ಮದ್ ಮುಸದ್ದಿಕ್ ಬ್ರಿಟಿಷ್ ಕಂಪೆನಿಯ ಹಿಡಿತದಲ್ಲಿದ್ದ ತೈಲೋದ್ಯಮವನ್ನು ರಾಷ್ಟ್ರೀಕರಣಗೊಳಿಸಿದರು. 1953ರ ಆಗಸ್ಟ್ 19ರಂದು ಅವರನ್ನು ಪದಚ್ಯುತಗೊಳಿಸಲಾಯಿತು. ಅದರ ಹಿಂದೆ ಅಮೆರಿಕದ ಸಿಐಎ ಮತ್ತು ಬ್ರಿಟನ್ನಿನ ಗುಪ್ತಚರ ಸಂಸ್ಥೆಯ ಕೈವಾಡವಿತ್ತು. ಆದರೆ ಇರಾನಿನ ಆ ವರ್ಷಗಳ ಕುರಿತು ಅಮೆರಿಕದ ವಿದೇಶಾಂಗ ಇಲಾಖೆ 1989ರಲ್ಲಿ ಪ್ರಕಟಿಸಿದ ಅಧಿಕೃತ ದಾಖಲೆ ಸಂಪುಟದಲ್ಲಿ ಈ ಕೈವಾಡದ ಸುಳಿವೇ ಇರಲಿಲ್ಲ! ಇಲಾಖೆಯ ಇತಿಹಾಸ ಸಲಹಾ ಸಮಿತಿಯ ಅಧ್ಯಕ್ಷರು ಇದನ್ನು ಪ್ರತಿಭಟಿಸಿ ಮರುವರ್ಷ ರಾಜೀನಾಮೆಯಿತ್ತರು. ದಂಗೆಗೆ ಸಂಬಂಧಿಸಿದ ಅನೇಕ ಕಾಗದಪತ್ರಗಳನ್ನು 1960ರ ದಶಕದಲ್ಲೇ ನಾಶಪಡಿಸಲಾಗಿತ್ತೆಂದು ಸಿಐಎ 1997ರಲ್ಲಿ ಹೇಳಿತು. ಆ ಸಂಸ್ಥೆಯ ಪಾತ್ರವನ್ನು ಸ್ಪಷ್ಟವಾಗಿ ಒಪ್ಪಿಕೊಂಡ ಅದರದೇ ದಾಖಲೆ ಹೊರಬಂದದ್ದು 2013ರಲ್ಲಿ. ಪರಿಷ್ಕೃತ ಸಂಪುಟ ಬಂದದ್ದು 2017ರಲ್ಲಿ. ಅದರಲ್ಲೂ ಮರೆಮಾಚಿದ ಭಾಗಗಳಿವೆ. ಬ್ರಿಟನ್ನಿನ ಗುಪ್ತಚರ ಸಂಸ್ಥೆಯಂತೂ ತನ್ನ ಕಡತಗಳನ್ನು ಇನ್ನೂ ತೆರೆದಿಲ್ಲ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಈ ಗೌಪ್ಯತೆ ಯಾರಿಂದ? ಇರಾನಿನ ಜನರಿಗೆ ತಮ್ಮ ಪ್ರಧಾನಿಯನ್ನು ಕೆಳಗಿಳಿಸಿದವರು ಯಾರೆಂದು ತಿಳಿದೇ ಇತ್ತು. ಮುಂದಿನ 25 ವರ್ಷಗಳ ಕಾಲ ಅವರು ಷಾನ ದಬ್ಬಾಳಿಕೆಯನ್ನು ಅನುಭವಿಸಿದರು. ಸತ್ಯ ತಿಳಿಯದೇ ಹೋದದ್ದು ಅಮೆರಿಕ ಮತ್ತು ಬ್ರಿಟನ್ನಿನ ಪ್ರಜೆಗಳಿಗೆ. ಅಂದರೆ ಕಡತಗಳನ್ನು ಮುಚ್ಚಿಟ್ಟದ್ದು ಶತ್ರುವಿನಿಂದಲ್ಲ, ತೆರಿಗೆ ಕಟ್ಟಿ ಮತ ಹಾಕುವ ಸ್ವಂತ ಜನರಿಂದ.

ಇದು ಪರದೇಶದ ಕಥೆಯೆಂದು ನಾವು ಸಮಾಧಾನಪಡುವಂತಿಲ್ಲ. ನಮ್ಮದೇ ರಾಜ್ಯದ ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳು 1948ರಲ್ಲಿ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಆ ವರ್ಷದ ಸೆಪ್ಟೆಂಬರ್ 13ರಂದು ಭಾರತೀಯ ಸೇನೆ ಸಂಸ್ಥಾನವನ್ನು ಪ್ರವೇಶಿಸಿತು. ಐದು ದಿನಗಳೊಳಗೆ ನಿಜಾಮರ ಪಡೆ ಶರಣಾಯಿತು. ಅದಕ್ಕೆ ಮೊದಲು ಕಾಸಿಂ ರಜ್ವಿಯ ರಜಾಕಾರರು ಹಿಂದೂ ಹಳ್ಳಿಗಳ ಮೇಲೆ ಕೊಲೆ, ಸುಲಿಗೆ ನಡೆಸಿದ್ದರು. ಶರಣಾಗತಿಯ ನಂತರ, ರಜಾಕಾರರಿಗೂ ತಮಗೂ ಯಾವ ಸಂಬಂಧವೂ ಇಲ್ಲದ ಸಾವಿರಾರು ಸಾಮಾನ್ಯ ಮುಸ್ಲಿಮರು ಸೇಡಿಗೆ ಬಲಿಯಾದರು.

ಸುದ್ದಿ ದೆಹಲಿಗೆ ಮುಟ್ಟಿದಾಗ ಪ್ರಧಾನಿ ನೆಹರೂ ಅವರು ಪಂಡಿತ್ ಸುಂದರಲಾಲ್, ಕಾಝಿ ಅಬ್ದುಲ್ ಗಫ್ಫಾರ್ ಮತ್ತು ಮೌಲಾನಾ ಅಬ್ದುಲ್ಲಾ ಮಿಸ್ರಿ ಅವರ ನಿಯೋಗವನ್ನು ಕಳುಹಿಸಿದರು. ನಿಯೋಗವು 1948ರ ಕೊನೆಯಲ್ಲಿ 16 ಜಿಲ್ಲೆಗಳ ಪೈಕಿ 9ರಲ್ಲಿ ಸಂಚರಿಸಿ, 500ಕ್ಕೂ ಹೆಚ್ಚು ಜನರ ಹೇಳಿಕೆ ಪಡೆಯಿತು. ಸತ್ತವರ ಸಂಖ್ಯೆ 27,000ದಿಂದ 40,000 ಎಂಬುದು ಅದರ ಅಂದಾಜು. ಉಸ್ಮಾನಾಬಾದ್, ನಾಂದೇಡ್‌ಗಳೊಡನೆ ಕಲಬುರಗಿ ಮತ್ತು ಬೀದರ್ ಅತ್ಯಂತ ಹೆಚ್ಚು ನಲುಗಿದ ಜಿಲ್ಲೆಗಳೆಂದು ಅದು ಗುರುತಿಸಿತು. ಸೈನಿಕರಲ್ಲಿ ಕೆಲವರು ಲೂಟಿ, ಕೊಲೆಗಳಲ್ಲಿ ಪಾಲ್ಗೊಂಡುದನ್ನೂ, ಇನ್ನು ಅನೇಕ ಕಡೆ ಸೇನೆಯೇ ಮುಸ್ಲಿಮರನ್ನು ರಕ್ಷಿಸಿದುದನ್ನೂ, ಹಿಂದೂ ನೆರೆಹೊರೆಯವರು ಪ್ರಾಣ ಉಳಿಸಿದುದನ್ನೂ ವರದಿ ದಾಖಲಿಸಿತು.

ಈ ವರದಿ ಏನಾಯಿತು? ಗೃಹಸಚಿವ ಪಟೇಲರು ಅದನ್ನು ಒಪ್ಪಲಿಲ್ಲ. ಸರಕಾರ ಅದನ್ನು ಪ್ರಕಟಿಸಲಿಲ್ಲ. ದಶಕಗಳ ನಂತರ ಸಂಶೋಧಕರು ಅದರ ಭಾಗಗಳನ್ನು ಹೊರತಂದರು. 2013ರಲ್ಲಿ ಎ.ಜಿ. ನೂರಾನಿ ಅವರು ಹೈದರಾಬಾದಿನ ಪತನದ ಕುರಿತ ತಮ್ಮ ಗ್ರಂಥದಲ್ಲಿ ಅದನ್ನು ಮುದ್ರಿಸಿದರು. ಇಲ್ಲಿಯೂ ಅದೇ ಪ್ರಶ್ನೆ: ಗೌಪ್ಯತೆ ಯಾರಿಂದ? ಗಂಡನನ್ನೂ ಮಕ್ಕಳನ್ನೂ ಕಳಕೊಂಡ ಬೀದರಿನ ವಿಧವೆಗೆ ಯಾವ ವರದಿಯೂ ಬೇಕಿರಲಿಲ್ಲ. ತಿಳಿಯದೇ ಉಳಿದವರು ಮಂಡ್ಯ, ಮೈಸೂರಿನ ನಾವು, ನಮ್ಮ ಮಕ್ಕಳು.

ಸತ್ಯವನ್ನು ಅದುಮಿಟ್ಟ ಜಾಗದಲ್ಲಿ ವದಂತಿ ಬೆಳೆಯುತ್ತದೆ. ಸತ್ತವರು ಎರಡು ಲಕ್ಷ ಎನ್ನುವವರು ಒಂದು ಕಡೆ, ಏನೂ ನಡೆದೇ ಇಲ್ಲ ಎನ್ನುವವರು ಇನ್ನೊಂದು ಕಡೆ. ಪ್ರತಿ ಸೆಪ್ಟೆಂಬರ್ 17 ಬಂದಾಗ ಈ ವಾಗ್ವಾದ ಮರುಕಳಿಸುತ್ತದೆ. ಮುಚ್ಚಿದ ಕಡತ ಇಬ್ಬರಿಗೂ ಅನುಕೂಲಕರ. ನಷ್ಟವಾಗುವುದು ನೆಮ್ಮದಿಯಿಂದ ಜೊತೆಗೆ ಬಾಳಬಯಸುವ ಸಾಮಾನ್ಯರಿಗೆ.

ಆದುದರಿಂದ ನಮ್ಮ ಬೇಡಿಕೆ ಪಕ್ಷಪಾತದಿಂದ ಮುಕ್ತವಾಗಿರಬೇಕು. ನಮಗೆ ಅನುಕೂಲವಾದ ಪುಟಗಳನ್ನು ಮಾತ್ರ ತೆರೆಯಿರಿ ಎನ್ನುವುದು ನ್ಯಾಯವಲ್ಲ. ರಜಾಕಾರರ ಅಪರಾಧಗಳ ಕಡತವೂ ತೆರೆಯಲಿ, ಶರಣಾಗತಿಯ ನಂತರದ ಹತ್ಯೆಗಳ ಕಡತವೂ ತೆರೆಯಲಿ. ಕೊಂದವನ ಹೆಸರು ನಮ್ಮವರದ್ದೆಂಬ ಕಾರಣಕ್ಕೆ ಒಂದು ಸಾವು ಚಿಕ್ಕದಾಗುವುದಿಲ್ಲ.

ಎಲ್ಲ ಗೌಪ್ಯತೆಯೂ ತಪ್ಪೆಂದು ನಾವು ಹೇಳುವುದಿಲ್ಲ. ಇಂದಿನ ಸೇನಾ ಚಲನವಲನವನ್ನು ಬೀದಿಯಲ್ಲಿ ಸಾರಬೇಕೆಂದು ಯಾವ ವಿವೇಕಿಯೂ ಬಯಸಲಾರ. ಆದರೆ ಗೌಪ್ಯತೆಗೆ ಒಂದು ಅವಧಿ ಬೇಡವೇ? 2005ರ ಮಾಹಿತಿ ಹಕ್ಕು ಕಾಯ್ದೆಯ 8(3)ನೇ ಕಲಮು 20 ವರ್ಷ ಕಳೆದ ಘಟನೆಗಳ ಮಾಹಿತಿಯನ್ನು ಕೊಡಬೇಕೆನ್ನುತ್ತದೆ. ಆದರೆ ದೇಶದ ಭದ್ರತೆಯ ಹೆಸರಿನಲ್ಲಿ ನೀಡಿರುವ ವಿನಾಯಿತಿಗೆ ಆ ಗಡುವು ಅನ್ವಯಿಸದು. ಗುಪ್ತಚರ ಸಂಸ್ಥೆಗಳನ್ನು ಕಾಯ್ದೆಯಿಂದಲೇ ಹೊರಗಿಡಲಾಗಿದೆ. ಭ್ರಷ್ಟಾಚಾರ ಮತ್ತು ಮಾನವ ಹಕ್ಕು ಉಲ್ಲಂಘನೆಯ ಆರೋಪಗಳಿಗೆ ಸಂಬಂಧಿಸಿದ ಮಾಹಿತಿ ಮಾತ್ರ ಇದಕ್ಕೆ ಅಪವಾದ. ಬಾಗಿಲು ಕಿರಿದಾಗಿದೆ, ಆದರೆ ಪೂರ್ತಿ ಮುಚ್ಚಿಲ್ಲ.

ಆ ಬಾಗಿಲನ್ನು ತಟ್ಟುವವರು ನಮ್ಮಲ್ಲಿ ಎಷ್ಟು ಮಂದಿ? ಕೇಂದ್ರ ಸರಕಾರದ ಕಚೇರಿಗೆ ಮಾಹಿತಿ ಕೋರುವ ಅರ್ಜಿಯ ಶುಲ್ಕ ಕೇವಲ ಹತ್ತು ರೂಪಾಯಿ. ನಮ್ಮ ವಿದ್ಯಾವಂತ ಯುವಕ ಯುವತಿಯರು ಇದನ್ನು ಕಲಿಯಬೇಕು; ಪಂಚಾಯತಿಯ ಲೆಕ್ಕದಿಂದಲೇ ಆರಂಭಿಸಬಹುದು. ಪಂಚಾಯತಿಯಲ್ಲಿ ಪ್ರಶ್ನೆ ಕೇಳಲು ಅಂಜುವ ಸಮುದಾಯ ದೆಹಲಿಯ ಕಡತವನ್ನು ತೆರೆಸಲಾರದು. ಮನೆಯ ಹಿರಿಯರು ಕಂಡದ್ದನ್ನು ಊರು, ವರ್ಷ ಸಹಿತ ಬರೆದಿಡಬೇಕು. ಕಂಡದ್ದು ಬೇರೆ, ಕೇಳಿದ್ದು ಬೇರೆ ಎಂದು ವಿಂಗಡಿಸಬೇಕು. ಇರಾನಿನ ಕಾಗದಗಳನ್ನು ನಾಶಪಡಿಸಿದವರಿಗೂ ಜನರ ನೆನಪನ್ನು ನಾಶಪಡಿಸಲಾಗಲಿಲ್ಲ. ಆದರೆ ಬರೆದಿಡದ ನೆನಪು ಒಂದು ತಲೆಮಾರಿನ ಜೊತೆಗೇ ಮಣ್ಣು ಸೇರುತ್ತದೆ.

ಸೇಡಿಗಾಗಿ ಸತ್ಯವನ್ನು ಕೇಳುವವರು ನಾವಾಗಬಾರದು. ಇಂಥದ್ದು ಯಾರ ಮನೆಯಲ್ಲೂ ಮರುಕಳಿಸದಿರಲೆಂದು ಕೇಳುವವರಾಗೋಣ. ತನ್ನ ತಪ್ಪುಗಳ ದಾಖಲೆಯನ್ನು ತಾನೇ ತೆರೆದಿಡುವ ದೇಶ ದುರ್ಬಲವಾಗುವುದಿಲ್ಲ. ತನ್ನ ಪ್ರಜೆಗಳ ವಿಶ್ವಾಸವನ್ನು ಗಳಿಸುತ್ತದೆ.