ಹ್ಯಾಮಂಡ್ ಆರ್ಗನ್ ನಡೆದ ದಾರಿ

ಜಾಜ್ ಎಂದೊಡನೆ ನಮ್ಮಲ್ಲಿ ಅನೇಕರ ನೆನಪಿಗೆ ಬರುವುದು ಟ್ರಂಪೆಟ್ಟು, ಸ್ಯಾಕ್ಸೊಫೋನುಗಳ ದನಿ. ನಾನು ಈಗ ಹೇಳಹೊರಟಿರುವುದು ಅವುಗಳಷ್ಟು ಮರ್ಯಾದೆ ಕಾಣದ ಒಂದು ವಾದ್ಯದ ವಿಚಾರ.

ಶಿಕಾಗೊದ ಲಾರೆನ್ಸ್ ಹ್ಯಾಮಂಡ್ ಸಂಗೀತಗಾರನಲ್ಲ. ವಿದ್ಯುತ್ ಗಡಿಯಾರಗಳನ್ನು ತಯಾರಿಸುತ್ತಿದ್ದ ಇಂಜಿನಿಯರು. 1935ರಲ್ಲಿ ಆತ ಮಾರಾಟಕ್ಕೆ ತಂದ ಆರ್ಗನ್ನಿನಲ್ಲಿ ನಮ್ಮ ಹಾರ್ಮೋನಿಯಮ್ಮಿನ ತಿದಿಯಿಲ್ಲ, ಗಾಳಿಯಿಲ್ಲ. ಮೋಟಾರೊಂದು ಲೋಹದ ಚಕ್ರಗಳನ್ನು ಅಯಸ್ಕಾಂತಗಳೆದುರು ತಿರುಗಿಸುತ್ತದೆ. ಅದರಿಂದೇಳುವ ವಿದ್ಯುತ್ ಕಂಪನವೇ ಸ್ವರ. ಕೊಳವೆ ಆರ್ಗನ್ ಕೊಳ್ಳಲಾರದ ಇಗರ್ಜಿಗಳಿಗೆ ಇದು ಒದಗಿಬಂದಿತು. ಕಪ್ಪು ಜನರ ಪ್ರಾರ್ಥನಾಮಂದಿರಗಳಲ್ಲಿ ಭದ್ರವಾಗಿ ನೆಲೆಯೂರಿತು. ಕೀಲಿಯೊತ್ತಿದಾಗ ಸ್ವರಕ್ಕೆ ಮೊದಲು 'ಟಿಕ್' ಎಂಬ ಸಣ್ಣ ಸದ್ದಾಗುವುದುಂಟು. ತಯಾರಕರು ಅದನ್ನು ದೋಷವೆಂದೇ ಎಣಿಸಿದ್ದರು. ವಾದಕರಿಗೆ ಮಾತ್ರ ಅದು ಮದ್ದಳೆಯ ಪೆಟ್ಟಿನಷ್ಟು ಪ್ರಿಯವಾಯಿತು.

ಫಿಲಡೆಲ್ಫಿಯಾದ ಸಮೀಪದ ಜಿಮ್ಮಿ ಸ್ಮಿತ್ 1956ರಲ್ಲಿ ಬ್ಲೂ ನೋಟ್ ಸಂಸ್ಥೆಗೆ ನುಡಿಸಿದ ಮುದ್ರಿಕೆಗಳಿಂದ ಆರ್ಗನ್ನಿಗೆ ಜಾಜ್‌ನಲ್ಲಿ ಪೀಠ ದೊರೆಯಿತು. ಬಲಗೈ ರಾಗವನ್ನು ಹಾಡುತ್ತಿದ್ದರೆ ಎಡಗೈಯೇ ಮಂದ್ರದ ನಡಿಗೆಯನ್ನು ನಡೆಸುತ್ತದೆ. ಬೇಸ್ ವಾದಕನೇ ಬೇಡ. ಆರ್ಗನ್, ಗಿಟಾರು, ಡ್ರಮ್ಮು, ಮೂವರಿಗೆ ಸಂಭಾವನೆ ಕೊಟ್ಟರೆ ಬಡಾವಣೆಯ ಮದ್ಯದಂಗಡಿಗೆ ಒಂದು ರಾತ್ರಿಯ ಸಂಗೀತ ಸಿದ್ಧ. ಕಲೆಯ ಚರಿತ್ರೆಯಲ್ಲಿ ಇಂಥ ಲೆಕ್ಕಾಚಾರಕ್ಕೂ ಸ್ಥಾನವುಂಟು.

1967ರಲ್ಲಿ ಜೇಮ್ಸ್ ಬ್ರೌನನ 'ಕೋಲ್ಡ್ ಸ್ವೆಟ್' ಹೊರಬಂದಿತು. ಸ್ವರಮೇಳ ಬಹುಹೊತ್ತು ನಿಂತಲ್ಲೇ ನಿಲ್ಲುತ್ತದೆ. ಗಿಟಾರು, ತುತ್ತೂರಿ, ಕಂಠ ಎಲ್ಲವೂ ತಾಳವಾದ್ಯಗಳೇ ಆಗುತ್ತವೆ. ಭಾರವೆಲ್ಲ ಮೊದಲ ಪೆಟ್ಟಿನ ಮೇಲೆ. ಇದೇ ಫಂಕ್. ಅದೇ ವರ್ಷ ಸ್ಯಾಕ್ಸೊಫೋನ್ ವಾದಕ ಲೂ ಡೊನಾಲ್ಡ್‌ಸನ್ 'ಅಲಿಗೇಟರ್ ಬೂಗಲೂ' ನುಡಿಸಿದಾಗ ಆರ್ಗನ್ನಿನ ಮುಂದೆ ಕುಳಿತಿದ್ದವನು ಲೋನಿ ಸ್ಮಿತ್. ಡ್ರಮ್ಮಿನವನು, ಮೆರವಣಿಗೆಗಳ ಊರಾದ ನ್ಯೂ ಆರ್ಲಿಯನ್ಸ್‌ನ ಲಿಯೊ ಮಾರಿಸ್. ಜಾಜ್‌ನ ತೂಗುನಡಿಗೆ ಇಲ್ಲಿ ನೆಲಕ್ಕೆ ಕಾಲೂರಿತು.

ಈ ಕೂಟ ಆರ್ಗನ್ನಿಗೆ ಏಕೆ ಒಗ್ಗಿತು? ಪಿಯಾನೊದ ಸ್ವರ ಹುಟ್ಟಿದ ಕ್ಷಣದಿಂದಲೇ ಸಾಯತೊಡಗುತ್ತದೆ. ಆರ್ಗನ್ನಿನದು ಬೆರಳೆತ್ತುವವರೆಗೂ ಬದುಕಿರುತ್ತದೆ. ಡ್ರಮ್ಮು ಕಾಲವನ್ನು ಕತ್ತರಿಸುತ್ತಿರುವಾಗ ಮೇಲೆ ಒಂದೇ ಸ್ವರ ಅಲುಗದೆ ನಿಂತಿದ್ದರೆ ಕೇಳುವವನಿಗೆ ಉಸಿರು ಕಟ್ಟಿದಂತಾಗುತ್ತದೆ. ಆಗ ವಾದಕ ಗುಂಡಿಯೊಂದನ್ನು ಒತ್ತುತ್ತಾನೆ; ಲೆಸ್ಲಿ ಪೆಟ್ಟಿಗೆಯೊಳಗಿನ ತಿರುಗುವ ಕಹಳೆ ವೇಗಗೊಂಡು ಸ್ವರವೆಲ್ಲ ನಡುಗುತ್ತದೆ. ಪ್ರಾರ್ಥನಾಮಂದಿರದಲ್ಲಿ ಉಪದೇಶಕನ ಮಾತಿನ ಏರಿಗೆ ಜೊತೆಗೊಟ್ಟ ಉಪಾಯವೇ ಇದು.

ಜಾಜ್ ಬಜಾರಿಗಿಳಿಯಿತೆಂದು ಮೂಗು ಮುರಿದ ವಿಮರ್ಶಕರಿದ್ದರು. ಅವರ ಮಾತು ಪೂರ್ತಿ ಸುಳ್ಳಲ್ಲ. ಹಾಡಿದ್ದನ್ನೇ ಹಾಡುವ ಮುದ್ರಿಕೆಗಳು ಆ ಕಾಲದಲ್ಲಿ ಬೇಕಾದಷ್ಟಿವೆ. ಆದರೆ ಕುಳಿತು ಕೇಳುವ ಸಭೆ ದಾಕ್ಷಿಣ್ಯಕ್ಕಾದರೂ ಚಪ್ಪಾಳೆ ತಟ್ಟೀತು, ಕುಣಿಯುವ ಕಾಲು ದಾಕ್ಷಿಣ್ಯವನ್ನರಿಯದು. ಅಂಥ ಸಭಿಕರೆದುರು ಜಾಜ್‌ನ ಮನೋಧರ್ಮವನ್ನು ಕಾಪಾಡಿಕೊಳ್ಳುವುದು ನನಗೆ ಹೆಚ್ಚಿನ ಸಾಧನೆಯಾಗಿಯೇ ತೋರುತ್ತದೆ.

ಬಿ-3 ಎಂಬ ಆ ಪ್ರಸಿದ್ಧ ಮಾದರಿಯ ತಯಾರಿಕೆ 1970ರ ದಶಕದ ನಡುವಿನಲ್ಲಿ ನಿಂತಿತು. ಹಗುರವಾದ ಸಿಂಥಸೈಜರುಗಳು ಬಂದವು. ಆದರೂ ಸುಮಾರು 400 ಪೌಂಡಿನ ಆ ಮರದ ಪೆಟ್ಟಿಗೆಯನ್ನು ಮೆಟ್ಟಿಲು ಹತ್ತಿಸುವವರು ಇದ್ದೇ ಇದ್ದರು. ಲೋನಿ ಸ್ಮಿತ್ 2021ರಲ್ಲಿ, 79ನೆಯ ವಯಸ್ಸಿನಲ್ಲಿ ತೀರಿಕೊಂಡ. ಅದೇ ವರ್ಷ ಹೊರಬಂದ ಆತನ 'ಬ್ರೀದ್' ಎಂಬ ಮುದ್ರಿಕೆಯಲ್ಲಿಯೂ ನುಡಿಯುತ್ತಿರುವುದು ಹ್ಯಾಮಂಡ್ ಆರ್ಗನ್ನೇ.