ಚದುರಂಗದ ಕಾಯಿ ಮತ್ತು ಕೈಯ ಬುದ್ಧಿ



ಚದುರಂಗದ ಪೆಟ್ಟಿಗೆಯಲ್ಲಿ 32 ಕಾಯಿಗಳಿರುತ್ತವೆ. ಮರದ ಕಾಯಿಗಳಾದರೆ ಅವುಗಳಲ್ಲಿ 28 ಕಾಯಿಗಳ ಮೈಯನ್ನು ಲೇತ್ ಮೇಲೆ ಕಡೆಯಬಹುದು. ಉಳಿದ 4 ಕುದುರೆಗಳ ತಲೆಗೆ ಮಾತ್ರ ಉಳಿ ಹಿಡಿದ ಕೈಯೇ ಬೇಕು. ಒಳ್ಳೆಯ ಕಾಯಿಗಳನ್ನು ಕೊಳ್ಳುವವರು ಮೊದಲು ಕುದುರೆಯನ್ನೇ ಎತ್ತಿ ನೋಡುವುದು ಇದಕ್ಕಾಗಿ.

ಈ ಆಟ ಯಾರೊಬ್ಬರ ಸ್ವತ್ತೂ ಅಲ್ಲ. ಭಾರತದ ಚತುರಂಗ ಇರಾನಿನಲ್ಲಿ ಚತ್ರಂಗ್ ಆಯಿತು, ಅರಬರಲ್ಲಿ ಶತ್ರಂಜ್ ಆಯಿತು. 9ನೇ ಶತಮಾನದಲ್ಲಿ ಅಲ್-ಅದ್ಲಿ ಅದರ ಮೇಲೆ ಗ್ರಂಥ ಬರೆದರು. ನಮ್ಮ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದ ‘ಮಾನಸೋಲ್ಲಾಸ’ದಲ್ಲಿ ಅದನ್ನು ವಿವರಿಸಿದ.

ಈಗ ಕಾಯಿಗಳ ಆಕಾರವನ್ನು ಗಮನಿಸಿ. ಇರಾನಿನ ನಿಶಾಪುರದಲ್ಲಿ ದೊರೆತ 12ನೇ ಶತಮಾನದ ಕಾಯಿಗಳು ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಮ್ಮಿನಲ್ಲಿವೆ. ಅವುಗಳಲ್ಲಿ ಮುಖವಿಲ್ಲ, ಸೊಂಡಿಲಿಲ್ಲ. ಎರಡು ಸಣ್ಣ ಉಬ್ಬುಗಳಿದ್ದರೆ ಅದು ಆನೆಯ ದಂತ ಎಂದು ಆಡುವವನಿಗೆ ಗೊತ್ತಾಗಬೇಕು. ಮೂರ್ತಿರೂಪದ ಬಗೆಗಿನ ಸಂಕೋಚ ಇದಕ್ಕೆ ಒಂದು ಕಾರಣವಾದರೆ, ಸರಳ ಆಕಾರವನ್ನು ಬೇಗ, ಅಗ್ಗವಾಗಿ ಮಾಡಬಹುದೆಂಬುದು ಇನ್ನೊಂದು ಕಾರಣ. ಯಾವುದನ್ನು ಬಿಡಬೇಕು, ಯಾವುದನ್ನು ಉಳಿಸಬೇಕು ಎಂಬ ವಿವೇಕವೇ ವಿನ್ಯಾಸ. 1849ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಸ್ಟಾಂಟನ್ ಮಾದರಿಯ ಕಾಯಿಗಳೂ ಲೇತಿಗೆ ಒಗ್ಗುವ ಸರಳತೆಯಿಂದಲೇ ಜಗತ್ತಿಗೆಲ್ಲ ಹರಡಿದವು.

ವಾಸ್ತುಶಿಲ್ಪಿಗಳಿಗೂ ಇದೇ ಪಾಠ. 1924ರಲ್ಲಿ ಜರ್ಮನಿಯ ಬೌಹೌಸ್ ಶಾಲೆಯಲ್ಲಿ ಜೋಸೆಫ್ ಹಾರ್ಟ್‌ವಿಗ್ ಎಂಬ ಶಿಲ್ಪಿ, ಕಾಯಿಯ ಆಕಾರದಲ್ಲಿಯೇ ಅದರ ನಡೆ ಕಾಣುವಂತೆ ಮಾಡಿದ. ನಾವು ಒಂಟೆ ಎನ್ನುವ ಕಾಯಿ ಓರೆಯಾಗಿ ನಡೆಯುವುದರಿಂದ ಅದನ್ನು ಗುಣಾಕಾರದ ಚಿಹ್ನೆಯಂತೆ ಕೊರೆದ. ವಾಸ್ತುಶಿಲ್ಪ ಓದಿ ಬುಡಾಪೆಸ್ಟಿನಲ್ಲಿ ಅಧ್ಯಾಪಕರಾಗಿದ್ದ ಎರ್ನೋ ರೂಬಿಕ್ 1974ರಲ್ಲಿ ಮರದ ತುಂಡುಗಳಿಂದ ತಿರುಗುವ ಘನವೊಂದನ್ನು ಮಾಡಿದರು. ತಾವೇ ಮಾಡಿದ ಒಗಟನ್ನು ಬಿಡಿಸಲು ಅವರಿಗೆ ಒಂದು ತಿಂಗಳಿಗೂ ಹೆಚ್ಚು ಹಿಡಿಯಿತು. ಅವರ ಕೈ ಮಾಡಿದ್ದು ತಲೆಗೆ ತಿಳಿಯಲು ಅಷ್ಟು ದಿನ ಬೇಕಾಯಿತು!

ನಮ್ಮಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಇಂಥ ಆಟಗಳ ದೊಡ್ಡ ರಸಿಕರು. ಕುದುರೆಯನ್ನು 64 ಮನೆಗಳಲ್ಲಿಯೂ ಒಂದೊಂದೇ ಸಲ ನಡೆಸುವ ಸಮಸ್ಯೆಗೆ ಅವರು ಹಲವು ಬಗೆಯ ಉತ್ತರ ರಚಿಸಿದರು. ‘ಶ್ರೀತತ್ತ್ವನಿಧಿ’ಯ ಕೊನೆಯ ಭಾಗವಾದ ಕೌತುಕನಿಧಿ ಆಟಗಳಿಗೇ ಮೀಸಲು.

ಇನ್ನು ನಮ್ಮ ಊರಿಗೆ ಬನ್ನಿ. 1224ರಲ್ಲಿ ಹೊಯ್ಸಳ ದಂಡನಾಯಕ ಪೋಲಾಳ್ವ ಕಟ್ಟಿಸಿದ ಹರಿಹರೇಶ್ವರ ದೇವಾಲಯದ ದುಂಡನೆಯ ಕಂಬಗಳನ್ನು ನೋಡಿ. ಕಲ್ಲನ್ನು ಕಡೆದ ರೀತಿಗೆ ಬೆರಗಾಗುತ್ತೀರಿ. ಅದೇ ಹರಿಹರದಲ್ಲಿ, ಈಗ ಮುಚ್ಚಿಹೋಗಿರುವ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ದಶಕಗಳ ಕಾಲ ಲೇತ್ ಯಂತ್ರಗಳನ್ನು ತಯಾರಿಸಿತು. ಕಡೆಯುವ ವಿದ್ಯೆ ಈ ಹೊಳೆದಂಡೆಗೆ ಹೊಸದಲ್ಲ.

ಆದರೂ ನಮ್ಮ ಮನೆಗಳಲ್ಲಿ ಏನಾಗುತ್ತಿದೆ? ಬಡಗಿ ಕೆಲಸ, ಲೇತ್ ಕೆಲಸ ಮಾಡುವ ಅಣ್ಣನನ್ನು ‘ಓದು ಹತ್ತದವನು’ ಎನ್ನುತ್ತೇವೆ. ಓದುವ ತಮ್ಮನಿಗೆ ಉಳಿ ಮುಟ್ಟಲು ಬಿಡುವುದಿಲ್ಲ. ಒಬ್ಬನಿಗೆ ಗೌರವ ತಪ್ಪಿತು, ಇನ್ನೊಬ್ಬನಿಗೆ ಅನುಭವ ತಪ್ಪಿತು. ಐದು ವರ್ಷದ ಬಿ.ಆರ್ಕ್ ಪದವಿಗೆ ಸೇರಲು ಬರೆಯುವ ನಾಟಾ ಪರೀಕ್ಷೆಯಲ್ಲಿ ಅಳೆಯುವುದು ಬಾಯಿಪಾಠವನ್ನಲ್ಲ. ವಸ್ತುವನ್ನು ಮನಸ್ಸಿನಲ್ಲಿ ತಿರುಗಿಸಿ ನೋಡುವ ಶಕ್ತಿಯನ್ನು. ಅದನ್ನು ಮೊದಲು ಕಲಿಸುವುದು ಕೈ.

ಆದ್ದರಿಂದ ಸಂಘದವರಲ್ಲಿ ನನ್ನದೊಂದು ವಿನಂತಿ. ಮುಂದಿನ ವಿಜ್ಞಾನ ಪ್ರದರ್ಶನದಲ್ಲಿ ಮರದ ಒಗಟುಗಳಿಗೂ ಚದುರಂಗದ ಕಾಯಿಗಳಿಗೂ ಒಂದು ಮೇಜು ಇಡಿ. ಪಿ.ಯು. ವಿದ್ಯಾರ್ಥಿ ನಕ್ಷೆ ಬರೆಯಲಿ, ಲೇತ್ ಅಂಗಡಿಯ ಹುಡುಗ ಕಡೆಯಲಿ, ನಾಲ್ಕು ಕುದುರೆಗಳನ್ನು ಇಬ್ಬರೂ ಕೂತು ಕೆತ್ತಲಿ. ಬಹುಮಾನವನ್ನು ಇಬ್ಬರ ಹೆಸರಿನಲ್ಲೂ ಕೊಡಿ.